ಅಪ್ಪನ ಜೊತೆ ಹೊನ್ನಾವರದಲ್ಲಿ ಎರಡು ದಿನ

ನಮ್ಮಪ್ಪನಿಗೆ ಈಗ ಅರವತ್ನಾಲ್ಕು ವರ್ಷ. ಮೈಸೂರಿನ ಹೆಬ್ಬಾಳದಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಒಂದು ಕಾರ್ಖಾನೆಯಲ್ಲಿ 29 ವರ್ಷ ದುಡಿದು, ಅಲ್ಲೇ ಮನೆಯಲ್ಲಿ ಕೂತವರು. ಕಳೆದ ಜನವರಿವರೆಗೂ ಅವರು ಸಮುದ್ರ ನೋಡಿರಲಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಮೂರು ನಾಲ್ಕು ಸಲ ಹೋಗಿ ಬಂದಿದ್ದಾರೆ. ಅಲ್ಲಿಂದ ಮಂಗಳೂರು ಎಷ್ಟು ದೂರ? ಆದರೂ ಪ್ರತಿ ಸಲ "ನೀರೇ ತಾನೆ, ಏನ್ ನೋಡೋದು" ಅಂದು ಮೈಸೂರು ಬಸ್ಸು ಹತ್ತಿಬಿಡುತ್ತಿದ್ದರು.

ಹೆಬ್ಬಾಳ ಅಂದ ತಕ್ಷಣ ಎಲ್ಲರೂ ಬೆಂಗಳೂರಿನದು ಅಂದುಕೊಳ್ಳುತ್ತಾರೆ. ಅದು ಬೇರೆ. ಆ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಕಿಟ್ಟಯ್ಯನ ಶಾಸನ ಸಿಕ್ಕಿ ದೊಡ್ಡ ಸುದ್ದಿಯಾಯಿತು. ನಮ್ಮ ಹೆಬ್ಬಾಳದಲ್ಲಿ ಇರುವುದು ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್ಸು, ಒಂದು ಕೆರೆ. ನಮ್ಮ ಮನೆಯ ಮಟ್ಟಿಗೆ ಇರುವ ಶಾಸನ ಅಂದರೆ ಟ್ರಂಕಿನ ತಳದಲ್ಲಿ ಅಪ್ಪ ಇಟ್ಟುಕೊಂಡಿರುವ ಒಂದು ಹಳೇ ಪಹಣಿ. ಎರಡು ಎಕರೆ ಚಿಲ್ಲರೆ, ರಾಗಿ ಹೊಲ, ತಾತನ ಹೆಸರಲ್ಲಿ. ಕೈಗಾರಿಕೆಗೆಂದು ಜಮೀನು ಹೋದದ್ದು ನಾನು ಹುಟ್ಟುವ ಮೊದಲು. ಆ ಪಹಣಿಯನ್ನು ನಾನು ಚಿಕ್ಕವಳಿದ್ದಾಗ ಒಂದು ಸಲ ತೆಗೆದು ನೋಡಿ ಬೈಸಿಕೊಂಡಿದ್ದೆ. ಆಮೇಲೆ ಆ ವಿಷಯ ಮನೆಯಲ್ಲಿ ಬಂದಿಲ್ಲ.

ಹೊನ್ನಾವರದ ನನ್ನ ಸಹಪಾಠಿ ಫೋನ್ ಮಾಡಿ, "ಶನಿವಾರ ಭಾನುವಾರ ನಮ್ಮೂರಿನ ಇತಿಹಾಸ, ಹೊಳೆ, ಕಾಡು ನೋಡುವ ಒಂದು ಗುಂಪು ಮಾಡಿದ್ದೇವೆ, ನಮ್ಮ ಹೈಸ್ಕೂಲ್ ಮಾಸ್ತರು ತೋರಿಸ್ತಾರೆ, ಬಾ" ಅಂದಳು. ಊಟ, ವ್ಯಾನು ಎಲ್ಲಾ ಸೇರಿ ತಲಾ 1,500 ರೂಪಾಯಿ. ಹೋಗಿ ಒಂದು ಬರಹ ಮಾಡೋಣ ಅಂತ ನಾನು ಹೊರಟೆ. ಹಿಂದಿನ ದಿನ ಅಮ್ಮ, "ಒಬ್ಬಳೇ ಯಾಕೆ ಹೋಗ್ತೀಯ, ಇವರನ್ನೂ ಕರ್ಕೊಂಡು ಹೋಗು, ಮನೇಲಿ ಕೂತು ಟಿ.ವಿ. ಜೊತೆ ಜಗಳ ಆಡ್ತಾರೆ" ಅಂದರು. ಅಪ್ಪ ಬೇಡ ಅನ್ನಲಿಲ್ಲ. ಅದೇ ಆಶ್ಚರ್ಯ.

ಸಂಜೆ ಮೈಸೂರಿನಲ್ಲಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅಲ್ಲಿಂದ ಜೋಗದ ಪಕ್ಕದಲ್ಲೇ ಹಾದು, ಮಾವಿನಗುಂಡಿ ದಾಟಿ, ಘಟ್ಟ ಇಳಿದರೆ ಗೇರುಸೊಪ್ಪೆ, ಆಮೇಲೆ ಹೊನ್ನಾವರ. ಘಟ್ಟದ ತಿರುವಿನಲ್ಲಿ ಅಪ್ಪ ಕಿಟಕಿ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಈ ಕಾಡಿನಲ್ಲೇ ಸಿಂಗಳೀಕ ಇರುವುದು, ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಅಂತ ನಾನು ಓದಿದ್ದೆಲ್ಲ ಹೇಳುತ್ತಾ ಬಂದೆ. "ವಾಂತಿ ಬರ್ತಾ ಅದೆ, ಸುಮ್ಕಿರವ್ವ" ಅಂದರು.

ಮಾಸ್ತರು ಬಸ್‌ ಸ್ಟ್ಯಾಂಡಿಗೇ ಬಂದಿದ್ದರು. ಬಿಳಿ ಪಂಚೆ, ಕೈಯಲ್ಲಿ ಛತ್ರಿ. ಗುಂಪಿನಲ್ಲಿ ಹನ್ನೊಂದು ಜನ. ನೇರ ಶರಾವತಿ ದಡಕ್ಕೆ ಕರೆದುಕೊಂಡು ಹೋದರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಇಲ್ಲಿ ಸಮುದ್ರ ಸೇರುವ ಹೊಳೆ. ಒಟ್ಟು ಉದ್ದ 128 ಕಿಲೋಮೀಟರ್, ಅಷ್ಟೇ. ಆದರೆ ಹೊನ್ನಾವರದಲ್ಲಿ ಅದರ ಅಗಲ ನೋಡಿದರೆ ನಮ್ಮ ಕಡೆಯ ಕಾವೇರಿ ಸಣ್ಣದು ಅನಿಸುತ್ತದೆ. ಇದರ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಇಡೀ ಕೊಂಕಣ ರೈಲು ಮಾರ್ಗದಲ್ಲಿ ಅದಕ್ಕಿಂತ ಉದ್ದದ ಸೇತುವೆ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕೈ ಎಳೆದು ಮೆಲ್ಲಗೆ ಕೇಳಿದರು: "ಇದೇನವ್ವ ಇದು, ಹೊಳೆ ಹಿಂದಕ್ಕೆ ಹರೀತಾ ಅದೆ?"

ನಿಜ. ಒಂದು ತೆಂಗಿನ ಮಟ್ಟೆ ತೇಲುತ್ತಾ ಸಮುದ್ರದ ಕಡೆಯಿಂದ ಘಟ್ಟದ ಕಡೆಗೆ ಹೋಗುತ್ತಿತ್ತು. ಉಬ್ಬರದ ಹೊತ್ತು. ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ, ಆರು ಗಂಟೆ ಕಳೆದ ಮೇಲೆ ಇಳಿತದಲ್ಲಿ ವಾಪಸ್ ಹೋಗುತ್ತದೆ. ಕರಾವಳಿಯವರಿಗೆ ಇದು ದಿನಾ ನೋಡುವ ಸಂಗತಿ. ಕೆ.ಆರ್.ಎಸ್. ನಾಲೆ ನೋಡಿ ಬೆಳೆದವರಿಗೆ ಹೊಳೆ ಹಿಂದಕ್ಕೆ ಹೋಗುವುದು ಅಂದರೆ ಲೋಕ ತಲೆಕೆಳಗಾದ ಹಾಗೆ. ಮಾಸ್ತರು ನಕ್ಕು, "ಈ ಪ್ರಶ್ನೆ ಕೇಳಿದ್ರಲ್ಲ, ನೀವೇ ನಮ್ಮ ಮೊದಲ ವಿದ್ಯಾರ್ಥಿ" ಅಂದರು. ಅಲ್ಲಿಂದ ಎರಡು ದಿನ ಅಪ್ಪ ಮಾಸ್ತರ ಪಕ್ಕ ಬಿಡಲಿಲ್ಲ.

ಊರಿನ ಹಳೇ ಕಥೆ ಮಾಸ್ತರು ಅಲ್ಲೇ ದಡದಲ್ಲಿ ಕೂತು ಹೇಳಿದರು. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದಿದ್ದ. ಅವನ ಬಾಯಲ್ಲಿ ಹೊನ್ನಾವರ ‘ಹಿನವ್ರ್’. ಅರ್ಧ ಪ್ರಪಂಚ ಸುತ್ತಿದ ಮನುಷ್ಯ ಅವನು. ಅವನಿಗೆ ಇಲ್ಲಿ ಸೋಜಿಗವಾಗಿ ಕಂಡದ್ದು ಏನು ಗೊತ್ತೇ? ಶಾಲೆಗಳು. ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಅಂತ ಬರೆದಿಟ್ಟಿದ್ದಾನೆ.

ಅಪ್ಪ ನನ್ನ ಕಡೆ ತಿರುಗಿ ನೋಡಲಿಲ್ಲ. ನನಗೆ ಮಾತ್ರ ನೆನಪಾಯಿತು. ಪಿ.ಯು.ಸಿ. ಮುಗಿದಾಗ ನನ್ನ ಓದು ನಿಲ್ಲಿಸುವ ಮಾತು ಬಂದಿತ್ತು. ಅತ್ತೆ ಒಂದು ಗಂಡು ನೋಡಿದ್ದರು. ಪತ್ರಿಕೋದ್ಯಮ ಓದಿ ಏನು ಮಾಡುತ್ತಾಳೆ ಅಂತ ಅಪ್ಪನೂ ಕೇಳಿದ್ದರು. ಆರು ತಿಂಗಳು ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಮಾಸ್ತರಿಗೆ ಕೇಳಿದರು: "ಹದ್ಮೂರು ಶಾಲೆ ಅಂದ್ರಲ್ಲ, ಅವೆಲ್ಲ ಆಮೇಲೆ ಏನಾದೊ?" ಮಾಸ್ತರು ಕೈ ಅಲ್ಲಾಡಿಸಿದರು, ಮುಂದಕ್ಕೆ ನಡೆದೆವು.

ಮಧ್ಯಾಹ್ನ ಗೆಳತಿಯ ಮನೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಮುರುಗಲ ಹಣ್ಣಿನ ಪಾನಕ. ಅಪ್ಪ ಮುದ್ದೆ ಇಲ್ಲದ ಊಟವನ್ನು ಊಟ ಅಂತ ಒಪ್ಪುವವರಲ್ಲ. ಆದರೂ ಮೂರು ಸಲ ಸಾರು ಹಾಕಿಸಿಕೊಂಡರು.

ಆಮೇಲೆ ಕಾಂಡ್ಲಾ ಕಾಡು. ಹೊಳೆಯ ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಗಿಡಗಳಿಗೆ ಇಲ್ಲಿ ಕಾಂಡ್ಲಾ ಅನ್ನುತ್ತಾರೆ. ಅರಣ್ಯ ಇಲಾಖೆ ಅದರ ನಡುವೆ ಕಾಲುಸೇತುವೆಯ ಥರ ಹಲಗೆ ದಾರಿ ಮಾಡಿದೆ. ಮೇಲೆ ನಡೆಯುತ್ತಾ ಕೆಳಗೆ ನೋಡಿದರೆ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಬೇರುಗಳು ಮೇಲಕ್ಕೆ ಎದ್ದಿರುತ್ತವೆ. ಕೆಸರಿನಲ್ಲಿ ಗಾಳಿ ಇಲ್ಲ, ಅದಕ್ಕೆ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಇನ್ನೊಂದು ಜಾತಿಯದು ಕಾಂಡದಿಂದಲೇ ಜೇಡನ ಕಾಲಿನಂಥ ಬೇರು ಇಳಿಸಿ ನಿಂತಿರುತ್ತದೆ. ಅದರ ಬೀಜ ಮರದಲ್ಲೇ ಮೊಳೆಯುತ್ತದೆ, ಮೊಳಕೆ ನುಗ್ಗೆಕಾಯಿ ಹಾಗೆ ಜೋತಾಡುತ್ತಿರುತ್ತದೆ. ಬಿದ್ದರೆ ನೆಟ್ಟಗೆ ಕೆಸರಿಗೆ ಚುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಉಬ್ಬರ ಎಳೆದುಕೊಂಡು ಹೋಗಿ ಬೇರೆ ಎಲ್ಲೋ ನೆಡುತ್ತದೆ. ಮೀನು, ಸೀಗಡಿ, ಏಡಿ ಎಲ್ಲದರ ಮರಿಗಳಿಗೂ ಇದೇ ತೊಟ್ಟಿಲು. "ಹೆರಿಗೆ ಮಾಡಿಸಿ ಬಾಣಂತನನೂ ಮಾಡೋ ಮರ" ಅಂದರು ಅಪ್ಪ. ಮಾಸ್ತರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಒಂದು ಪ್ರವಾಸದ ಬರಹ ಆಗುತ್ತಿತ್ತು. ಸಂಜೆ ಗೆಳತಿಯ ಅಜ್ಜಿ ಜೊತೆ ಮಾತಿಗೆ ಕೂತದ್ದರಿಂದ ದಾರಿ ಬೇರೆಯಾಯಿತು.

ಅಜ್ಜಿಗೆ ಎಂಬತ್ತು ದಾಟಿದೆ. ಹೊಳೆದಂಡೆಯ ಕೇರಿಗೆ ಸೊಸೆಯಾಗಿ ಬಂದವರು. ನಾನು ಬೆಳಚಿನ ಬಗ್ಗೆ ಕೇಳಿದೆ. ಬೆಳಚು ಅಂದರೆ ಎರಡು ಚಿಪ್ಪಿನ ನಡುವೆ ಇರುವ ಸಣ್ಣ ಜೀವ. ಹೊಳೆಯ ತಳದ ಮರಳಿನಲ್ಲಿ ಇರುತ್ತದೆ. ಪಲ್ಯ, ಸಾರು ಮಾಡುತ್ತಾರೆ. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ.

"ಆಗ ನಮಗೆ ಬೆಳಚು ಅಂದ್ರೆ ಹಿತ್ತಲ ಬಸಳೆ ಇದ್ದಂಗೆ ತಂಗಿ" ಅಂದರು ಅಜ್ಜಿ. "ದುಡ್ಡು ಕೊಟ್ಟು ತರೂದಲ್ಲ. ಇಳಿತಕ್ಕೆ ಹೊಳೆಗೆ ಇಳಿದ್ರೆ ಬುಟ್ಟಿ ತುಂಬ್ತಿತ್ತು. ಹೆಂಗಸ್ರೇ ಹೋಗೂದು. ಅರ್ಧ ಮನೆಗೆ, ಅರ್ಧ ಪೇಟೆಗೆ. ಉಪ್ಪು, ಎಣ್ಣೆ, ಮಕ್ಕಳ ಪಾಟಿ, ಎಲ್ಲ ಅದ್ರಲ್ಲೇ."

"ಈಗ?"

"ಈಗ ಎಂತ ಇಲ್ಲ. ನೀರು ಸಿಹಿಯಾಯ್ತಲ್ಲ."

ನೀರು ಸಿಹಿಯಾಗುವುದು ಕೆಟ್ಟದ್ದು ಅನ್ನುವುದು ನಮ್ಮ ಕಿವಿಗೆ ವಿಚಿತ್ರ. ಮಾಸ್ತರು ಬಿಡಿಸಿ ಹೇಳಿದರು. ಹೊಳೆ ತನ್ನ ಪಾಡಿಗೆ ಹರಿಯುತ್ತಿದ್ದಾಗ ಮಳೆಗಾಲದಲ್ಲಿ ನೀರು ಸಿಹಿ. ಮಳೆ ನಿಂತ ಮೇಲೆ ಹೊಳೆಯ ನೀರು ಕಡಿಮೆಯಾಗಿ, ಉಬ್ಬರದ ಉಪ್ಪುನೀರು ಒಳಗೆ ಬಹಳ ದೂರ ಬರುತ್ತಿತ್ತು. ಬೆಳಚು ಬೆಳೆಯುವುದು ಆ ಉಪ್ಪಿನ ತಿಂಗಳುಗಳಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಮಾರನೇ ವರ್ಷದಿಂದ ಶರಾವತಿ ವಿದ್ಯುದಾಗಾರ ಶುರುವಾಗಿ, ಒಂದೊಂದೇ ಯಂತ್ರ ಸೇರಿ ಹತ್ತಾಯಿತು, ಒಟ್ಟು 1,035 ಮೆಗಾವ್ಯಾಟ್. ಕರೆಂಟಿಗೆ ರಜಾ ಇಲ್ಲ. ವರ್ಷವಿಡೀ ಯಂತ್ರ ತಿರುಗಿಸಿದ ನೀರು ವರ್ಷವಿಡೀ ಕೆಳಗೆ ಬರುತ್ತದೆ. ಬೇಸಿಗೆಯಲ್ಲೂ ಹೊಳೆ ತುಂಬಿರುತ್ತದೆ, ಉಪ್ಪು ಹಿಂದಿನಷ್ಟು ಮೇಲಕ್ಕೆ ಬರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿಯನ್ನೂ ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಯನ್ನೂ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಇವತ್ತಿಗೂ ಸಾವಿರಾರು ಜನ ಬೆಳಚು, ಏಡಿ, ಸೀಗಡಿಯಿಂದ ಬದುಕುತ್ತಾರೆ. ಇಲ್ಲಿ ಬೆಳಚು ಮುಗಿದೇ ಹೋಯಿತು ಅನ್ನಬಹುದು. ಎರಡು ಹೊಳೆಗೂ ನಡುವೆ ಬಸ್ಸಿನಲ್ಲಿ ಒಂದು ಗಂಟೆ ದಾರಿಯೂ ಇಲ್ಲ.

ಲಿಂಗನಮಕ್ಕಿ ಅಂದರೆ ಮುಳುಗಡೆ ಅಂತಲೇ ನನಗೆ ಗೊತ್ತಿದ್ದದ್ದು. ನಾ. ಡಿಸೋಜ ಅವರ ಕಾದಂಬರಿ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ದ್ವೀಪ’ ಸಿನಿಮಾ ಅಪ್ಪನೂ ನೋಡಿದ್ದಾರೆ, ಸೌಂದರ್ಯ ಇದ್ದಾರೆ ಅಂತ. ಅಣೆಕಟ್ಟಿನ ಮೇಲಿನವರು ಕಳೆದುಕೊಂಡದ್ದು ಸಿನಿಮಾ ಆಯಿತು, ಪುಸ್ತಕ ಆಯಿತು. ಆಗಲೇಬೇಕಿತ್ತು. ಕೆಳಗಿನವರ ಒಂದು ಬುಟ್ಟಿ ಬೆಳಚು ಹೋದದ್ದನ್ನು ಯಾರು ಲೆಕ್ಕ ಹಾಕಿದರು? ಮನೆ ಮುಳುಗಿಲ್ಲ, ಜಮೀನು ಹೋಗಿಲ್ಲ, ಅರ್ಜಿ ಬರೆಯುವುದಾದರೂ ಏನಂತ? ನೀರು ಸಿಹಿಯಾಗಿದೆ ಅಂತಲೇ?

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಅಜ್ಜಿಗೆ ಹೇಳಿದರು: "ನಮ್ ಫ್ಯಾಕ್ಟ್ರೀಲಿ ಕರೆಂಟ್ ಹೋದ್ರೆ ನಾವು ಖುಷೀಲಿ ಕೂತ್ಕತಿದ್ದೊ ಕನವ್ವ. ಬೀಡಿ ಸೇದ್ಕಂಡು. ಬಂದ್ರೆ ಬೈಕತಿದ್ದೊ. ಅದು ಇಲ್ಲಿಂದ ಬರ್ತಿತ್ತು ಅಂತ ಯಾರ್ ಕಂಡಿದ್ರು."

ಅಪ್ಪನ ಕಾರ್ಖಾನೆಗೆ ಶರಾವತಿ ಕರೆಂಟೇ ಬರುತ್ತಿತ್ತು ಅಂತ ಹೇಳಲು ಆಗುವುದಿಲ್ಲ, ತಂತಿಯಲ್ಲಿ ಎಲ್ಲಾ ಸೇರಿಬಿಡುತ್ತದೆ. ಅಜ್ಜಿ ಅದೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ನಮಗೂ ಕರೆಂಟ್ ಬಂತು ತಮ್ಮಾ, ಮಿಕ್ಸಿ ಬಂತು, ಕಾಯಿ ರುಬ್ಬೂದು ತಪ್ಪಿತು. ಬರೀ ಹೋಯ್ತು ಅಂದ್ರೆ ಸುಳ್ಳಾಗ್ತದೆ" ಅಂದರು. ಅಪ್ಪನಿಗೆ ಇನ್ನೊಂದು ಲೋಟ ಚಾ ಕೊಟ್ಟರು.

ಸಂಜೆ ಕಾಸರಕೋಡು ಕಡಲ ತೀರ. 2020ರಲ್ಲಿ ಇದಕ್ಕೆ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಪಕ್ಕದ ಟೊಂಕದಲ್ಲಿ ಕಡಲಾಮೆಗಳು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ, ಅಲ್ಲೇ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆಯಿಂದ ಹೋರಾಡುತ್ತಿದ್ದಾರೆ. ಅದನ್ನು ಇನ್ನೊಂದು ಸಲ ಸರಿಯಾಗಿ ಹೋಗಿ ಬರೆಯುತ್ತೇನೆ. ಅಪ್ಪ ಸಮುದ್ರ ನೋಡಿದರು. ಪಂಚೆ ಎತ್ತಿಕಟ್ಟಿ ಮಂಡಿವರೆಗೆ ಇಳಿದರು, ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಉಗಿದರು. ಫೋಟೋ ತೆಗೆಯಲು ಬಿಡಲಿಲ್ಲ.

ಮಾರನೇ ದಿನ ಗೇರುಸೊಪ್ಪೆ. ಹೊಳೆಯ ಆಚೆ ಕಾಡಿನಲ್ಲಿ ನಗರಬಸ್ತಿಕೇರಿ ಅಂತ ಜಾಗ. ಹೆಸರಲ್ಲೇ ಎಲ್ಲಾ ಇದೆ: ನಗರ, ಬಸದಿ, ಕೇರಿ. ಈಗ ಇರುವುದು ಮರಗಳು, ಅಲ್ಲೊಂದು ಇಲ್ಲೊಂದು ಮನೆ, ಕೆಲವು ಬಸದಿಗಳು. ಅದರಲ್ಲಿ ಚತುರ್ಮುಖ ಬಸದಿ ದೊಡ್ಡದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಕಡೆ ಮುಖ ಮಾಡಿ ಕೂತ ತೀರ್ಥಂಕರರು. ಎಲ್ಲಿಂದ ಬಂದರೂ ಎದುರಿಗೇ ಸಿಗುತ್ತಾರೆ. ಕಲ್ಲು ಕಪ್ಪಾಗಿದೆ, ತಣ್ಣಗಿದೆ, ಬಾವಲಿ ವಾಸನೆ.

ಇಲ್ಲಿಂದ ಆಳಿದವಳು ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಐವತ್ತನಾಲ್ಕು ವರ್ಷ ಆಳಿದಳು ಎನ್ನುತ್ತಾರೆ. ಘಟ್ಟದ ಕಾಳುಮೆಣಸು ಈ ಹೊಳೆಯಲ್ಲಿ ಇಳಿದು ಹೊನ್ನಾವರದಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಅಂತ ಕರೆದರು, ಅವಳ ಜೊತೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. ಕೊನೆಗೆ ಅವಳನ್ನು ಸೋಲಿಸಿದವರು ಅವರಲ್ಲ, ನಮ್ಮವರೇ ಆದ ಕೆಳದಿಯ ವೆಂಕಟಪ್ಪ ನಾಯಕ. ನಾನು ನೋಟ್ಸಿನಲ್ಲಿ ಎಲ್ಲವನ್ನೂ "ಆಳಿದಳು, ಸತ್ತಳು" ಅಂತ ಬರೆಯುತ್ತಿದ್ದೆ. ಮಾಸ್ತರು ಇಣುಕಿ ನೋಡಿ, "ಅಂತೆ ಅನ್ನೋದನ್ನ ಬಿಡಬೇಡ. ಶಾಸನದಲ್ಲಿ ಇರೋದು ಬೇರೆ, ಜನ ಹೇಳೋದು ಬೇರೆ" ಅಂದರು. ತರಗತಿಯಲ್ಲಿ ಎರಡು ವರ್ಷ ಕೇಳಿದ ಪಾಠ, ಬಸದಿ ಮೆಟ್ಟಿಲ ಮೇಲೆ ಇನ್ನೊಂದು ಸಲ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ಇಟಲಿಯ ಪ್ರವಾಸಿ ಹೊನ್ನಾವರದಿಂದ ಇಕ್ಕೇರಿಗೆ ಇದೇ ದಾರಿಯಲ್ಲಿ ಹೋದ. ರಾಣಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲಿ ಊರು, ಅರಮನೆ ಎಲ್ಲಾ ಪಾಳು ಬಿದ್ದು ಮರ ಬೆಳೆದಿತ್ತು, ಕೆಲವು ರೈತರ ಗುಡಿಸಲು ಮಾತ್ರ ಉಳಿದಿದ್ದವು ಅಂತ ಬರೆದಿದ್ದಾನೆ.

"ಇಪ್ಪತ್ತು ವರ್ಷ ಅಂದ್ರೆ ಜಾಸ್ತಿಯೇ ಆಯ್ತು ಬುಡಿ" ಅಂದರು ಅಪ್ಪ. "ನಮ್ದು ಎರಡೇ ವರ್ಷಕ್ಕೆ ಗುರ್ತು ಸಿಗ್ದಂಗೆ ಆಗಿತ್ತು."

ಯಾರೂ ಏನೂ ಕೇಳಿರಲಿಲ್ಲ. ಬಸದಿ ಜಗಲಿ ಮೇಲೆ ಕೂತು ಅವರೇ ಶುರುಮಾಡಿದರು. ಹೊಲದ ಮೂಲೆಯಲ್ಲಿ ಒಂದು ಬಾವಿ ಇತ್ತಂತೆ, ತಾತ ಮತ್ತು ಅವರ ತಮ್ಮ ಸೇರಿ ತೋಡಿದ್ದು. ರಾಗಿ ಜೊತೆ ಅವರೆ, ಹುಚ್ಚೆಳ್ಳು. ಹೆಬ್ಬಾಳ ಕೆರೆಯಲ್ಲಿ ಎಮ್ಮೆ ತೊಳೆಯುವುದು, ಕೋಡಿ ಬಿದ್ದಾಗ ಪಂಚೆಯಲ್ಲಿ ಮೀನು ಹಿಡಿಯುವುದು. ಆಮೇಲೆ ಸರ್ವೆಯವರು ಬಂದು ಕಲ್ಲು ನೆಟ್ಟದ್ದು. ಪರಿಹಾರದ ಹಣದಲ್ಲಿ ಇಬ್ಬರು ಅತ್ತೆಯರ ಮದುವೆ ಆಯಿತು, ಒಂದು ಮೊಪೆಡ್ ಬಂತು, ಮುಗಿಯಿತು. ಅಪ್ಪನಿಗೆ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು. ಕೆಲವು ವರ್ಷ ಕಳೆದ ಮೇಲೆ ಕೆರೆಗೆ ಮೋರಿ ನೀರು, ಕಾರ್ಖಾನೆ ನೀರು ಸೇರಿ ನೊರೆ ಏಳತೊಡಗಿತು.

"ನಾನೂ ಅದ್ರಲ್ಲಿ ಇದ್ದೆ ಅಲ್ವಾ ಮಾಸ್ಟ್ರೆ" ಅಂದರು. "ತೊಳೆದ ನೀರು ಪೈಪಲ್ಲಿ ಬುಡ್ತಿದ್ದೊ. ಎಲ್ಲಿಗೆ ಹೋಯ್ತದೆ ಅಂತ ಗೊತ್ತಿತ್ತು. ಸಾಹೇಬ್ರು ಹೇಳ್ದಂಗೆ ವಾಲ್ವ್ ತಿರುಗ್ಸೋದು. ಎಮ್ಮೆ ತೊಳೆದಿದ್ ಕೆರೆ ಅದು."

ಇಪ್ಪತ್ತಾರು ವರ್ಷ ಅವರ ಜೊತೆ ಒಂದೇ ಸೂರಿನ ಕೆಳಗೆ ಇದ್ದೇನೆ. ಜಮೀನು ಹೋದ ಸಿಟ್ಟಿಗೇ ಅಪ್ಪ ಮಾತಾಡುವುದಿಲ್ಲ ಅಂದುಕೊಂಡಿದ್ದೆ. ಹೆಬ್ಬಾಳ ಕೆರೆ ಸುದ್ದಿ ಬಂದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದದ್ದು ಇದಕ್ಕೆ ಅಂತ ಗೊತ್ತಿರಲಿಲ್ಲ. ಈಗ ಇನ್ಫೋಸಿಸ್ ಫೌಂಡೇಶನ್ ಹಣದಲ್ಲಿ ಆ ಕೆರೆಯ ಹೂಳು ತೆಗೆದು, ದಾರಿ ಮಾಡಿ, ಕೊಳಚೆ ನೀರು ಶುದ್ಧ ಮಾಡುವ ಘಟಕ ಕಟ್ಟಿದ್ದಾರೆ. ಹಕ್ಕಿಗಳು ಬರುತ್ತವೆ, ಬೆಳಿಗ್ಗೆ ಜನ ವಾಕಿಂಗ್ ಹೋಗುತ್ತಾರೆ. ಅಪ್ಪ ಒಂದು ದಿನವೂ ಹೋಗಿಲ್ಲ.

ಏನು ಹೇಳಬೇಕೋ ನನಗೆ ತೋಚಲಿಲ್ಲ. ಮಾಸ್ತರು ಛತ್ರಿ ಊರಿಕೊಂಡು ಎದ್ದು, "ಬನ್ನಿ, ಇನ್ನೊಂದು ಬಸದಿ ಇದೆ" ಅಂದರು. ಅದೇ ಸರಿ ಅನಿಸಿತು.

ವಾಪಸ್ ಬರುವಾಗ ಗೇರುಸೊಪ್ಪೆ ಅಣೆಕಟ್ಟು ಕಾಣಿಸಿತು. ಮೇಲಿನ ವಿದ್ಯುದಾಗಾರದಿಂದ ಬಂದ ನೀರನ್ನು ಇಲ್ಲಿ ತಡೆದು ಇನ್ನೂ 240 ಮೆಗಾವ್ಯಾಟ್ ಮಾಡುತ್ತಾರೆ. ಈಗ 2,000 ಮೆಗಾವ್ಯಾಟ್‌ನ ಹೊಸ ಯೋಜನೆಯೊಂದರ ಮಾತು ನಡೆದಿದೆ. ಕರೆಂಟು ಹೆಚ್ಚು ಇರುವ ಹೊತ್ತಿನಲ್ಲಿ ಇಲ್ಲಿನ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು, ಬೇಕಾದಾಗ ಮತ್ತೆ ಕೆಳಗೆ ಬಿಡುವುದು. ನಡುವೆ ಇರುವುದು ಸಿಂಗಳೀಕದ ಕಾಡು. ಊರಿನವರು ವಿರೋಧ ಮಾಡುತ್ತಿದ್ದಾರೆ. "ಈ ಹೊಳೇನ ಪೂರಾ ಹಿಂದಕ್ಕೇ ಹರಿಸ್ತಾರೆ ಅನ್ನಿ" ಅಂದರು ಅಪ್ಪ.

ತಾಳಗುಪ್ಪದಲ್ಲಿ ರಾತ್ರಿ ರೈಲು. ಅಜ್ಜಿ ಒಣ ಬಂಗಡೆ ಕಟ್ಟಿಕೊಟ್ಟಿದ್ದರು, ಮೂರು ಪ್ಲಾಸ್ಟಿಕ್ ಸುತ್ತಿದರೂ ವಾಸನೆ. ಎದುರಿನ ಸೀಟಿನವರು ಮೂಗು ಮುಚ್ಚಿಕೊಂಡರು. ಅಪ್ಪ ಅದನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡರು.

ಸಾಗರ ದಾಟಿದ ಮೇಲೆ ನಾನು ಫೋನಿನಲ್ಲಿ ಕಂದಾಯ ಇಲಾಖೆಯ ಭೂದಾಖಲೆ ವೆಬ್‌ಸೈಟ್ ತೆರೆದೆ. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಬಹುದು, ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮ ನಕ್ಷೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಸರ್ವೆ ನಂಬರು, ಕೆರೆ, ಹಳ್ಳ, ಕಾಲುದಾರಿ ಗೆರೆಯಲ್ಲಿ ಬರೆದಿರುತ್ತಾರೆ. ನೆಟ್‌ವರ್ಕ್ ಬರುವುದು ಹೋಗುವುದು ಮಾಡಿ ಹೆಬ್ಬಾಳದ್ದು ಇಳಿಯುವಷ್ಟರಲ್ಲಿ ಶಿವಮೊಗ್ಗ ಬಂತು.

ಅಪ್ಪನಿಗೆ ನಂಬರು ಬಾಯಲ್ಲೇ ಇತ್ತು. ಕನ್ನಡಕ ಹಾಕಿಕೊಂಡು ಫೋನು ಕಣ್ಣಿನ ಹತ್ತಿರ ಹಿಡಿದು ಹುಡುಕಿದರು. ಮೊದಲು ಕೆರೆ ಸಿಕ್ಕಿತು, ಆಮೇಲೆ ಹಳ್ಳ, ಆಮೇಲೆ ನಮ್ಮ ಹೊಲ. ಬೆಂಕಿಪೊಟ್ಟಣ ಸ್ವಲ್ಪ ಓರೆಯಾದ ಹಾಗೆ ಒಂದು ಚೌಕ.

"ಬಾವಿ ಹಾಕಿಲ್ಲ ನೋಡು ಇದ್ರಲ್ಲಿ" ಅಂದರು.

ಎಲ್ಲಿ ಇತ್ತು ತೋರಿಸು ಅಂದೆ. ಬೆರಳಿಟ್ಟರು. ಬೆರಳಿಟ್ಟ ತಕ್ಷಣ ನಕ್ಷೆ ಸರಿದುಹೋಯಿತು, ಮತ್ತೆ ಮೊದಲಿನಿಂದ ಹುಡುಕಿದೆವು.